ಜಗತ್ತು ಮಿಥ್ಯೆ ಎಂದು ಡಾಕ್ಟರ ಮುಂದೆ ಹೇಳಬಹುದೇ?

‘ಈ ಜಗತ್ತು ನಿಜವಲ್ಲ’ ಎಂದು ವಿದ್ವಾಂಸರ ಸಭೆಯಲ್ಲಿ ಹೇಳಿದರೆ ಪ್ರಮಾಣ ಕೇಳುತ್ತಾರೆ. ಮನೋವೈದ್ಯರ ಎದುರು ಹೇಳಿದರೆ ‘ಎಷ್ಟು ದಿನದಿಂದ?’ ಎನ್ನುತ್ತಾರೆ. ಈ ಎರಡನೇ ಪ್ರಶ್ನೆಗೆ ಅಂಜಿಯೇ ಹಲವರು ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿ, ಮಾತ್ರೆ ಬರೆಸಿಕೊಂಡು ಎದ್ದು ಬರುತ್ತಾರೆ. ಆದರೆ ಆ ಪ್ರಶ್ನೆಯ ಹಿಂದೆಯೂ ಒಂದು ತತ್ತ್ವವಿಚಾರವಿದೆ.

ಜಗತ್ತಿನ ಮೇಲಿನ ಸಂಶಯ ಹೊಸತೇನಲ್ಲ. ಬೌದ್ಧ ವಿಜ್ಞಾನವಾದಿಗಳು ಹೊರಗಿನ ವಸ್ತುವೇ ಇಲ್ಲ ಎಂದು ವಾದಿಸಿದರು. ದುಷ್ಟ ಶಕ್ತಿಯೊಂದು ತನ್ನನ್ನು ಪ್ರತಿಕ್ಷಣವೂ ವಂಚಿಸುತ್ತಿರಬಹುದಲ್ಲ ಎಂದು ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್ 1641ರಲ್ಲಿ ಬರೆದ. ಆಗ ಆಕ್ಸ್‌ಫರ್ಡ್‌ನಲ್ಲಿದ್ದ ತತ್ತ್ವಜ್ಞಾನಿ ನಿಕ್ ಬಾಸ್ಟ್ರಮ್ 2003ರಲ್ಲಿ, ನಾವು ಕಂಪ್ಯೂಟರಿನೊಳಗಿನ ಸಿಮ್ಯುಲೇಶನ್ ಆಗಿರುವುದು ಮೂರು ಸಾಧ್ಯತೆಗಳಲ್ಲಿ ಒಂದು ಎಂದ. ಅದೇ ನಿಜ ಎಂದು ಮಾತ್ರ ಅವನು ಹೇಳಲಿಲ್ಲ. ಈ ಸಂಯಮವನ್ನು ನೆನಪಿಡಬೇಕು. ಸಂಶಯವನ್ನು ಭ್ರಮೆಯಿಂದ ಬೇರೆ ಮಾಡುವುದು ಅದೇ.

ಹೈಡೆಲ್‌ಬರ್ಗ್‌ನ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದ ಕಾರ್ಲ್ ಯಾಸ್ಪರ್ಸ್ ಮುಂದೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದವನು. ಮನೋರೋಗಶಾಸ್ತ್ರದ ಬಗ್ಗೆ ಅವನು 1913ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭ್ರಮೆಗೆ, ಅಂದರೆ ವೈದ್ಯರು ಡೆಲ್ಯೂಷನ್ ಎನ್ನುವುದಕ್ಕೆ, ಮೂರು ಗುರುತುಗಳಿವೆ: ಅಲುಗಾಡದ ನಿಶ್ಚಯ, ಯಾವ ಅನುಭವಕ್ಕೂ ವಾದಕ್ಕೂ ಜಗ್ಗದಿರುವುದು, ಅಸಾಧ್ಯವೆನಿಸುವ ವಿಷಯ. ಮೂರನೆಯದು ಎಲ್ಲಕ್ಕಿಂತ ದುರ್ಬಲವಾದದ್ದು ಎಂದು ನನ್ನ ಎಣಿಕೆ. ಯಾಸ್ಪರ್ಸ್ ಕೊಡುವ ಉದಾಹರಣೆಯೇ ಅದನ್ನು ಅಲ್ಲಾಡಿಸುತ್ತದೆ. ಹೆಂಡತಿಗೆ ಬೇರೆ ಸಂಬಂಧವಿದೆ ಎಂಬ ಸಂಶಯವೇ ರೋಗವಾಗಿಬಿಟ್ಟ ಗಂಡನಿದ್ದಾನೆ ಅನ್ನಿ. ಆಕೆಗೆ ನಿಜಕ್ಕೂ ಬೇರೆ ಸಂಬಂಧವಿದ್ದರೂ ಅವನ ಭ್ರಮೆ ಭ್ರಮೆಯೇ. ಏಕೆಂದರೆ ಅವನು ಅದನ್ನು ಸಾಕ್ಷ್ಯದಿಂದ ತಿಳಿದದ್ದಲ್ಲ. ಅವನ ಪಾಲಿಗೆ ಬಾಗಿಲ ಬಳಿಯ ಚಪ್ಪಲಿಯೂ ರುಜುವಾತು, ಚಪ್ಪಲಿ ಇಲ್ಲದಿದ್ದರೆ ಅದೂ ರುಜುವಾತು. ಯಾಸ್ಪರ್ಸ್ ಇಲ್ಲಿ ನಂಬಿಕೆಯ ವಿಷಯವನ್ನೂ ಅದರ ರೂಪವನ್ನೂ ಬೇರ್ಪಡಿಸುತ್ತಾನೆ. ಏನನ್ನು ನಂಬಿದ್ದೀರಿ ಎನ್ನುವುದು ಒಂದು, ಹೇಗೆ ನಂಬಿದ್ದೀರಿ ಎನ್ನುವುದು ಇನ್ನೊಂದು.

ಹೀಗೆ ನಂಬಿಕೆಯನ್ನೂ ನಂಬುವ ಬಗೆಯನ್ನೂ ಬೇರೆಯಾಗಿ ನೋಡುವುದು ನಮ್ಮ ಅದ್ವೈತಿಗಳಿಗೆ ಕಷ್ಟದ ಮಾತಲ್ಲ. ಅವರಲ್ಲಿ ಪಾರಮಾರ್ಥಿಕ ಸತ್ಯದ ಕೆಳಗೆ ವ್ಯಾವಹಾರಿಕ ಸತ್ಯಕ್ಕೂ ಜಾಗವಿದೆ. ಜಗತ್ತು ಮಿಥ್ಯೆ ಎಂದು ಪಾಠ ಹೇಳಿದವರು ಮಧ್ಯಾಹ್ನ ಊಟಕ್ಕೆ ಏಳುತ್ತಾರೆ, ಕರೆಂಟ್ ಬಿಲ್ಲನ್ನೂ ಕಟ್ಟುತ್ತಾರೆ. ಇದನ್ನು ಆಷಾಢಭೂತಿತನ ಎನ್ನುವವರು ಅದ್ವೈತವನ್ನು ಅರ್ಧ ಓದಿದವರು. ಹಾಗೆಂದು ನಡವಳಿಕೆಯೊಂದೇ ಅಳತೆಗೋಲಾಗದು. ಗಟ್ಟಿ ಭ್ರಮೆಯನ್ನು ಒಳಗಿಟ್ಟುಕೊಂಡೇ ದಿನಾ ಆಫೀಸಿಗೆ ಹೋಗಿಬರುವವರುಂಟು. ಎಲ್ಲವನ್ನೂ ಬಿಟ್ಟು ಹೊರಟ ಸನ್ಯಾಸಿ ರೋಗಿಯಲ್ಲ.

ಹೀಗಾಗಿ ಒಳ್ಳೆಯ ಮನೋವೈದ್ಯರು ಜಗತ್ತು ನಿಜವೋ ಸುಳ್ಳೋ ಎಂಬ ಚರ್ಚೆಗೆ ಕೂರುವುದಿಲ್ಲ. ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ‘ಹಾಗಿರಲಾರದೇನೋ’ ಎಂದು ಒಮ್ಮೆಯಾದರೂ ಅನ್ನಿಸಿದೆಯೇ, ಇದನ್ನು ನಂಬಿ ಏನಾದರೂ ಮಾಡಿದ್ದೀರಾ ಎಂದು ಕೇಳುತ್ತಾರೆ. ಸುತ್ತಲಿನದೆಲ್ಲ ಗಾಜಿನ ಆಚೆಗಿದ್ದಂತೆ, ಸಿನಿಮಾದಂತೆ ಕಾಣುತ್ತದೆ ಎನ್ನುವವರುಂಟು. ಅದು ಡಿರಿಯಲೈಸೇಶನ್ ಇರಬಹುದು. ಅಲ್ಲಿ ‘ಅಂತೆ’ ಉಳಿದಿರುತ್ತದೆ. ಹಾಗೆ ಕಾಣುತ್ತದೆಯೇ ಹೊರತು ಹಾಗಿಲ್ಲವೆಂದು ಅವರಿಗೇ ಗೊತ್ತು. ಆತಂಕ, ನಿದ್ದೆಗೇಡು, ಗಾಂಜಾ ಇವುಗಳಿಂದಲೂ ಹೀಗಾಗುತ್ತದೆ. ನಿದ್ದೆಯ ವಿಷಯ ಮಾತ್ರ ಹೇಳಿ ಎದ್ದುಬಂದರೆ ಭ್ರಮೆಗೂ ಇದಕ್ಕೂ ಇರುವ ಈ ವ್ಯತ್ಯಾಸ ವೈದ್ಯರಿಗೆ ತಿಳಿಯುವ ದಾರಿಯೇ ಇಲ್ಲ.

ಲೋಕಕ್ಕೆ ಹೊಂದದ ನಂಬಿಕೆಯಷ್ಟೇ ರೋಗವಲ್ಲ ಎಂಬುದನ್ನು ಕಾನೂನೂ ಒಪ್ಪಿದೆ. ಸಮುದಾಯದಲ್ಲಿ ಚಾಲ್ತಿಯಲ್ಲಿರುವ ಮೌಲ್ಯಗಳಿಗೋ ಧಾರ್ಮಿಕ ನಂಬಿಕೆಗಳಿಗೋ ಒಬ್ಬರು ಹೊಂದುವುದಿಲ್ಲ ಎಂಬ ಆಧಾರದ ಮೇಲೆ ಅವರಿಗೆ ಮಾನಸಿಕ ಕಾಯಿಲೆ ಎಂದು ತೀರ್ಮಾನಿಸಕೂಡದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್. ಹೇಳಿದ್ದನ್ನು ಗುಟ್ಟಾಗಿಡಬೇಕೆಂಬುದು 23ನೇ ಸೆಕ್ಷನ್. ಜೀವಾಪಾಯ, ಕೋರ್ಟಿನ ಆದೇಶದಂಥ ಕೆಲವು ವಿನಾಯಿತಿಗಳು ಅದಕ್ಕಿವೆ.

ಮಾತು ಮುಗಿಯುವ ಮೊದಲೇ ನಗುವ ಡಾಕ್ಟರಾದರೆ ಬೇರೆಯವರನ್ನು ನೋಡಿ. ಆದರೆ ಊಟ ನಿದ್ದೆ ಬಿಟ್ಟುಹೋಗಿದ್ದರೆ, ಕಾಣದ ದನಿ ಅಪ್ಪಣೆ ಕೊಡುತ್ತಿದ್ದರೆ, ಸತ್ತರೆ ಈ ಕನಸಿನಿಂದ ಎಚ್ಚರವಾದೀತು ಎನ್ನಿಸುತ್ತಿದ್ದರೆ ತತ್ತ್ವವನ್ನು ಆಮೇಲೆ ಚರ್ಚಿಸೋಣ, ಈಗಲೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.