ಕನ್ನಡಿ, ಪರದೆ, ದರ್ಶನ

ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ದೇವರ ಚಿತ್ರವನ್ನು ವಾಲ್‌ಪೇಪರ್ ಆಗಿ ಹಾಕಿಕೊಳ್ಳುವುದು ಹಳೆಯ ರೂಢಿ. ಆ ಜಾಗದಲ್ಲಿ ಅಲುಗಾಡದ ಚಿತ್ರದ ಬದಲು, ಇಂಟರ್‌ನೆಟ್‌ನಿಂದ ಹೊಸದಾಗುತ್ತಲೇ ಇರುವ ಪುಟವನ್ನು ಕೂರಿಸುವ ಅನುಕೂಲವನ್ನು ಮೈಕ್ರೋಸಾಫ್ಟ್ 1997ರಲ್ಲಿ ‘ಆಕ್ಟಿವ್ ಡೆಸ್ಕ್‌ಟಾಪ್’ ಎಂಬ ಹೆಸರಿನಲ್ಲಿ ತಂದಿತು. ವಿಂಡೋಸ್ ವಿಸ್ಟಾ ಬರುವ ಹೊತ್ತಿಗೆ ಅದನ್ನು ಕೈಬಿಟ್ಟರೂ ಬೇರೆ ತಂತ್ರಾಂಶಗಳು ಈಗಲೂ ಅದೇ ಕೆಲಸ ಮಾಡುತ್ತವೆ. ಗುಡಿಯೊಂದರ ನೇರಪ್ರಸಾರವನ್ನು ಹೀಗೆ ಡೆಸ್ಕ್‌ಟಾಪಿನ ಹಿನ್ನೆಲೆಯಾಗಿ ಇಟ್ಟುಕೊಂಡವರಿಗೆ ಆಗುವುದು ದರ್ಶನವೇ? ನಡುವೆ ಒಂದು ಸಾಧನ ಬಂದಾಗ ಭಕ್ತ ಕಾಣುವುದು ದೇವರನ್ನೋ, ಸಾಧನ ತೋರಿಸಿದ್ದನ್ನೋ?

ಕೋಲಾರಕ್ಕೆ ಈ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಚೋಳರ ಕಾಲದ ಶಾಸನಗಳಿರುವ ಕೋಲಾರಮ್ಮನ ಗುಡಿಯಲ್ಲಿ ದೇವಿಯನ್ನು ನೇರವಾಗಿ ನೋಡುವ ಪದ್ಧತಿಯಿಲ್ಲ. ಅವಳದು ಉಗ್ರ ದೃಷ್ಟಿ, ಮನುಷ್ಯರ ಕಣ್ಣು ಅದನ್ನು ತಾಳಲಾರದು ಎಂಬ ನಂಬಿಕೆಯಿಂದ ಕನ್ನಡಿ ಇಟ್ಟಿದ್ದಾರೆ. ಭಕ್ತರು ಅದರಲ್ಲಿ ಮೂಡಿದ ಮುಖಕ್ಕೆ ಕೈಮುಗಿಯುತ್ತಾರೆ. ಹಾಗೆ ಕೈಮುಗಿದು ಬಂದವರು ಅಮ್ಮನ ದರ್ಶನವಾಯಿತು ಎಂದೇ ಹೇಳುತ್ತಾರೆ, ಕೇಳಿದವರೂ ಹಾಗೆಯೇ ಒಪ್ಪುತ್ತಾರೆ. ಉಡುಪಿಯಲ್ಲಿ ಕೃಷ್ಣನನ್ನು ಕಾಣುವುದೂ ನವಗ್ರಹ ಕಿಂಡಿಯ ಮೂಲಕವೇ. ಸಾಧನ ಅಡ್ಡಬಂದ ಮಾತ್ರಕ್ಕೆ ದರ್ಶನ ಕೆಡುವುದಿಲ್ಲ ಎಂಬಷ್ಟನ್ನು ನಾಡಿನ ಆಚರಣೆ ಮೊದಲೇ ತೀರ್ಮಾನಿಸಿದೆ.

ಆಗಮಗಳೂ ಕನ್ನಡಿಗೆ ದೊಡ್ಡ ಮರ್ಯಾದೆ ಕೊಟ್ಟಿವೆ. ನೀರು ತಾಗಿದರೆ ಕೆಡುವ ಮಣ್ಣಿನ ಮೂರ್ತಿ, ಬರೆದ ಚಿತ್ರ ಮುಂತಾದವುಗಳ ಪ್ರತಿಬಿಂಬವನ್ನು ಕನ್ನಡಿಯಲ್ಲಿ ಹಿಡಿದು ಆ ಬಿಂಬಕ್ಕೆ ಅಭಿಷೇಕ ಮಾಡುವ ವಿಧಾನವಿದೆ. ಅದು ದೇವರಿಗೇ ಸಂದಂತೆ. ಪ್ರತಿಷ್ಠೆಯಲ್ಲಿ ಮೂರ್ತಿಯ ಕಣ್ಣು ತೆರೆಸಿದಾಗ ಮೊದಲು ತೋರಿಸುವ ಮಂಗಳದ್ರವ್ಯಗಳ ಸಾಲಿನಲ್ಲಿ ಕನ್ನಡಿಯೂ ಉಂಟು. ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಯ ಮಾತು ಬೇರೆ. ಅಲ್ಲಿರುವುದು ತಿರುಮಲೆಯ ಬಿಂಬದ ಪ್ರತಿಫಲನವಲ್ಲ, ಪ್ರತ್ಯೇಕವಾಗಿ ಪ್ರತಿಷ್ಠೆಗೊಂಡ ವೆಂಕಟರಮಣ. ಒಂದು ದೀಪದಿಂದ ಇನ್ನೊಂದನ್ನು ಹೊತ್ತಿಸಿದಂತೆ, ಆವಾಹನೆಯಿಂದ ಸಾನ್ನಿಧ್ಯ ಎರಡಾದರೂ ಮೊದಲಿನದು ಕುಗ್ಗುವುದಿಲ್ಲ. ದೇವರು ಒಂದೆಡೆಯಿಂದ ಇನ್ನೊಂದೆಡೆಗೆ ಬರಲು ಹೀಗೆ ಎರಡು ದಾರಿಗಳಾದವು: ಮಂತ್ರದಿಂದ ಆವಾಹನೆ, ಬೆಳಕಿನಿಂದ ಪ್ರತಿಬಿಂಬ. ಪರದೆಗೆ ಯಾರೂ ಆವಾಹನೆ ಮಾಡುವುದಿಲ್ಲ. ಹಾಗಾಗಿ ಅದು ಎರಡನೆಯ ದಾರಿಗೆ ಸೇರೀತೇ ಎಂಬುದಷ್ಟೇ ಚರ್ಚೆಗೆ ಉಳಿಯುತ್ತದೆ.

ಪ್ರತಿಬಿಂಬ ಎಂದರೇನು ಎಂಬ ವಿಚಾರದಲ್ಲಿ ಮುಳಬಾಗಿಲು ತಾಲ್ಲೂಕೊಂದರಲ್ಲೇ ಎರಡು ದರ್ಶನಗಳ ಪರಂಪರೆ ನೆಲೆಸಿದೆ. ಆವಣಿಯಲ್ಲಿ ಅದ್ವೈತ ಮಠವಿದೆ. ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿ ವ್ಯಾಸರಾಯರಿಗೆ ವಿದ್ಯಾಗುರುವಾಗಿದ್ದ ಶ್ರೀಪಾದರಾಜರ ಬೃಂದಾವನವಿದೆ. ಅದ್ವೈತದ ವಿವರಣ ಪ್ರಸ್ಥಾನದ ಪ್ರಕಾರ ಕನ್ನಡಿಯೊಳಗಿನ ಮುಖ ಬೇರೆ ಮುಖವಲ್ಲ, ಕತ್ತಿನ ಮೇಲಿರುವ ಮುಖವೇ. ಅದು ಕನ್ನಡಿಯೊಳಗೆ ಇದ್ದಂತೆ ತೋರುವುದಷ್ಟೇ ಭ್ರಮೆ. ಅದೇ ಅದ್ವೈತದೊಳಗೆ ಸುರೇಶ್ವರರ ಆಭಾಸವಾದ ಪ್ರತಿಬಿಂಬವನ್ನು ಮಿಥ್ಯೆ ಎನ್ನುತ್ತದೆ. ಮಧ್ವಮತಕ್ಕೆ ಪ್ರತಿಬಿಂಬ ಸತ್ಯ. ಆದರೆ ಅದು ಬಿಂಬದಿಂದ ಭಿನ್ನ, ಬಿಂಬಕ್ಕೆ ಅಧೀನ, ಬಿಂಬಕ್ಕೆ ಸದೃಶ. ಈ ವಾದಗಳೆಲ್ಲ ಹುಟ್ಟಿದ್ದು ಜೀವ ಮತ್ತು ಬ್ರಹ್ಮದ ಸಂಬಂಧವನ್ನು ವಿವರಿಸಲು, ಗುಡಿಯ ಕನ್ನಡಿಗಾಗಿ ಅಲ್ಲ. ಆದರೂ ಅವುಗಳನ್ನು ಇಲ್ಲಿಗೆ ತಂದರೆ ತಿಳಿವು ಹೆಚ್ಚುತ್ತದೆ. ವಿವರಣದವರ ಕಣ್ಣಿಗೆ ಕೋಲಾರದ ಕನ್ನಡಿಯಲ್ಲಿ ಕಾಣುವವಳು ಕೋಲಾರಮ್ಮನೇ. ಮಧ್ವಮತದಲ್ಲಿ ಕಲ್ಲಿನ ಪ್ರತಿಮೆಯೇ ದೇವರಲ್ಲ. ದೇವರು ಅದರಲ್ಲಿ ಸನ್ನಿಹಿತನಾಗಿರುತ್ತಾನೆ. ಅಂತರ್ಯಾಮಿಯಾಗಿ ಅವನು ಕಂಪ್ಯೂಟರಿನ ಗಾಜಿನಲ್ಲೂ ಉಂಟು, ವಿಶೇಷ ಸನ್ನಿಧಾನ ಮಾತ್ರ ಪ್ರತಿಷ್ಠಿತ ಪ್ರತಿಮೆಯಲ್ಲಿ.

ಮೂರು ಮತಗಳೂ ಒಂದನ್ನು ಒಪ್ಪಿಕೊಂಡೇ ಮಾತಾಡುತ್ತವೆ: ಬಿಂಬ ಎದುರಿಗಿದ್ದಷ್ಟು ಹೊತ್ತು ಮಾತ್ರ ಪ್ರತಿಬಿಂಬ. ಪರದೆ ಎಡವುವುದು ಇಲ್ಲಿಯೇ. ಕನ್ನಡಿ ದೇವಿಯನ್ನು ಮುಟ್ಟಿದ ಬೆಳಕನ್ನೇ ಭಕ್ತನ ಕಣ್ಣಿಗೆ ತಿರುಗಿಸುತ್ತದೆ. ಕ್ಯಾಮೆರಾ ಆ ಬೆಳಕನ್ನು ವಿದ್ಯುತ್ತಾಗಿಸಿ, ವಿದ್ಯುತ್ತನ್ನು ಅಂಕಿಗಳಾಗಿಸುತ್ತದೆ. ಅಂಕಿಗಳು ತುಣುಕು ತುಣುಕಾಗಿ ಸರ್ವರ್ ದಾಟಿ ಬಂದ ಮೇಲೆ ಪರದೆ ತನ್ನದೇ ಹೊಸ ಬೆಳಕನ್ನು ಹೊಮ್ಮಿಸುತ್ತದೆ. ‘ಲೈವ್’ ಎಂದು ಬರೆದಿದ್ದರೂ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೆ ತಡವಾಗುವುದು ಸಾಮಾನ್ಯ. ನೆಟ್ ಕಡಿದರೆ ಕೊನೆಯ ಚಿತ್ರ ಹಾಗೆಯೇ ನಿಂತುಬಿಡುತ್ತದೆ. ಗುಡಿಯಲ್ಲಿ ತೆರೆ ಎಳೆದು ಬಾಗಿಲು ಹಾಕಿದ್ದರೂ ಪರದೆಯಲ್ಲಿ ಆರತಿ ಎತ್ತಿದ ಕೈ ಇಳಿಯುವುದಿಲ್ಲ. ಕಳೆದುಹೋದದ್ದನ್ನು ಕನ್ನಡಿ ಎಂದೂ ತೋರಿಸಲಾರದು.

ಇದಕ್ಕಿಂತಲೂ ಮುಖ್ಯವಾದ ವ್ಯತ್ಯಾಸ ನೋಟದ ದಿಕ್ಕಿನದು. ದರ್ಶನ ಒಬ್ಬರ ನೋಟವಲ್ಲ. ಭಕ್ತ ದೇವರನ್ನು ನೋಡುವಷ್ಟೇ ದೇವರ ದೃಷ್ಟಿ ಭಕ್ತನ ಮೇಲೆ ಬೀಳಬೇಕು; ಪ್ರತಿಷ್ಠೆಯಲ್ಲಿ ಕಣ್ಣು ತೆರೆಸುವ ಕ್ರಿಯೆಗೆ ಅಷ್ಟು ಮಹತ್ವ ಬಂದದ್ದು ಅದಕ್ಕಾಗಿ. ಕನ್ನಡಿಯಲ್ಲಿ ದೇವಿಯ ಕಣ್ಣು ಭಕ್ತನಿಗೆ ಕಾಣುತ್ತಿದೆಯೆಂದರೆ, ಅದೇ ಕನ್ನಡಿಯಲ್ಲಿ ಭಕ್ತನ ಕಣ್ಣು ದೇವಿಗೂ ಕಾಣುತ್ತಿರುತ್ತದೆ. ಬೆಳಕು ಹೋದ ದಾರಿಯಲ್ಲೇ ಮರಳಿ ಬರಬಲ್ಲದು. ದೃಷ್ಟಿಯ ಉಗ್ರತೆ ತಗ್ಗಿದರೂ ಸಂಬಂಧ ಕಡಿಯುವುದಿಲ್ಲ. ಪರದೆಯ ಎದುರು ಕೂತವನು ನೋಡುತ್ತಾನೆ, ಆದರೆ ಆ ದಾರಿಯಲ್ಲಿ ಅವನನ್ನು ಯಾರೂ ನೋಡುವುದಿಲ್ಲ. ಸರ್ವಜ್ಞಳಾದ ದೇವಿಗೆ ಅವನು ಕಾಣದಿರನು, ನಿಜ. ಆದರೆ ಆ ಕಾಣುವಿಕೆಗೆ ಕ್ಯಾಮೆರಾದ ಹಂಗಿಲ್ಲ, ಅದು ನಿಂತುಹೋದರೂ ಅವಳಿಗೆ ಅವನು ಕಾಣುತ್ತಲೇ ಇರುತ್ತಾನೆ.

ಇಷ್ಟಾದರೂ ನೇರಪ್ರಸಾರವನ್ನು ಬರಿಯ ಫೋಟೋದ ಸಾಲಿಗೆ ತಳ್ಳುವುದು ಅನ್ಯಾಯ. ಕನ್ನಡಿ ದೇಶ, ಕಾಲ ಎರಡರಲ್ಲೂ ದೇವರ ಬಳಿ ನಿಲ್ಲಿಸುತ್ತದೆ. ಫೋಟೋ ಎರಡನ್ನೂ ಬಿಟ್ಟುಕೊಡುತ್ತದೆ. ನೇರಪ್ರಸಾರ ದೇಶವನ್ನು ಬಿಟ್ಟು ಕಾಲವನ್ನು ಉಳಿಸಿಕೊಳ್ಳುತ್ತದೆ. ಗುಡಿಯಲ್ಲಿ ಮಂಗಳಾರತಿಯಾಗುವ ಹೊತ್ತಿಗೇ ದೂರದ ಮನೆಯಲ್ಲೊಬ್ಬರು ಎದ್ದು ನಿಲ್ಲುವುದು ಅದರಿಂದ ಸಾಧ್ಯ. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ರಾಜ್ಯದ ಗುಡಿಗಳ ಬಾಗಿಲು ಭಕ್ತರಿಗೆ ತೆರೆದದ್ದು ಜೂನ್ 8ರಂದು. ಅಷ್ಟು ದಿನ ಅನೇಕರನ್ನು ಗುಡಿಯ ದಿನಚರಿಗೆ ಜೋಡಿಸಿಟ್ಟದ್ದು ಮೊಬೈಲು, ಕಂಪ್ಯೂಟರುಗಳೇ. ನವವಿಧ ಭಕ್ತಿಯಲ್ಲಿ ಸ್ಮರಣೆಗೆ ತನ್ನದೇ ಸ್ಥಾನವಿದೆ. ಪರದೆಯ ಫಲವನ್ನು ಸ್ಮರಣೆ ಎಂದು ಕರೆದರೆ ಅದನ್ನು ಕೀಳುಮಾಡಿದಂತಾಗುವುದಿಲ್ಲ.

ಕನ್ನಡ, ತೆಲುಗು ಎರಡನ್ನೂ ಆಡುವ ಶ್ರೀನಿವಾಸಪುರ, ಮುಳಬಾಗಿಲು ಸೀಮೆಗೆ ತಿರುಮಲ ದೂರದ ಕ್ಷೇತ್ರವಲ್ಲ. ಟಿಟಿಡಿ 2008ರಲ್ಲಿ ಭಕ್ತಿ ವಾಹಿನಿ ಆರಂಭಿಸಿತು, ಕನ್ನಡದ ವಾಹಿನಿ 2021ರಲ್ಲಿ ಬಂತು. ಕಲ್ಯಾಣೋತ್ಸವ, ವಾಹನಸೇವೆಗಳ ಉತ್ಸವಮೂರ್ತಿಗಳನ್ನು ಅವು ಮನೆಗೆ ತರುತ್ತವೆ. ಗರ್ಭಗುಡಿಯ ಮೂಲಮೂರ್ತಿಯ ಮುಂದೆ ಕ್ಯಾಮೆರಾ ಇಡುವುದಿಲ್ಲ. ಈ ಎಲ್ಲೆ ಸರಿಯಾದದ್ದು. ಬೀದಿಗೆ ಬಂದು ಎಲ್ಲರಿಗೂ ಕಾಣಿಸಿಕೊಳ್ಳಲೆಂದೇ ಉತ್ಸವಮೂರ್ತಿ ಇರುವುದು. ಮೂಲಮೂರ್ತಿಯ ಬಳಿಗೆ ಭಕ್ತನೇ ನಡೆದು ಹೋಗಬೇಕು.

ಡೆಸ್ಕ್‌ಟಾಪಿಗೆ ಅದರದೇ ಆದ ತೊಡಕೊಂದಿದೆ. ಅಲ್ಲಿ ದೇವರು ಎಲ್ಲಕ್ಕಿಂತ ಕೆಳಗಿನ ಪದರ. ಮೇಲೆ ಫೈಲುಗಳ ಐಕಾನು, ಮೂಲೆಯಲ್ಲಿ ರೀಸೈಕಲ್ ಬಿನ್. ಕೆಲಸದ ವಿಂಡೋ ತೆರೆದರೆ ಎಲ್ಲವೂ ಮುಚ್ಚಿಹೋಗುತ್ತದೆ. ಮಡಿ ಮೈಲಿಗೆಗಿಂತ ಗಮನದ ಪ್ರಶ್ನೆ ಇಲ್ಲಿ ದೊಡ್ಡದು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡವರು ಗುಡಿಯಿಂದ ಎಷ್ಟೇ ದೂರವಿದ್ದರೂ ದೃಷ್ಟಿಯನ್ನು ಅದರಲ್ಲೇ ನೆಡುತ್ತಾರೆ. ದಿನವಿಡೀ ಹಿನ್ನೆಲೆಯಲ್ಲಿ ನಿಂತದ್ದರತ್ತ ಕಣ್ಣು ಹಾಯುತ್ತದೆ, ನಿಲ್ಲುವುದಿಲ್ಲ. ನೋಡುವ ಹೊತ್ತಿಗೆ ಪರದೆಯನ್ನು ಪೂರ್ತಿ ಅದಕ್ಕೇ ಬಿಟ್ಟು, ಆರತಿ ಮುಗಿದ ಮೇಲೆ ಮುಚ್ಚುವುದು ಹೆಚ್ಚು ಶ್ರದ್ಧೆಯ ಕ್ರಮ.

ಕೋಲಾರಮ್ಮನ ಮುಂದೆ ಕ್ಯಾಮೆರಾ ಇಡುವುದಾದರೆ ಅದು ಯಾವ ಕಡೆಗೆ ತಿರುಗಿರಬೇಕು ಎಂಬ ಪ್ರಶ್ನೆಯಲ್ಲಿ ಈ ಎಲ್ಲ ವಾದಗಳೂ ಬಂದು ಸೇರುತ್ತವೆ. ಪರದೆಯ ನೋಟ ದರ್ಶನವಲ್ಲವೆಂದಾದರೆ ಅವಳ ಉಗ್ರ ದೃಷ್ಟಿ ಅದರ ಮೂಲಕ ಯಾರನ್ನೂ ತಾಕದು. ನೇರ ಮುಖವನ್ನೇ ತೋರಿಸಬಹುದು. ಹಾಗೆ ತೋರಿಸಲು ಮನಸ್ಸು ಅಂಜಿದರೆ, ಪರದೆಯಲ್ಲೂ ಅವಳಿದ್ದಾಳೆ ಎಂದು ಒಪ್ಪಿದಂತೆ. ತರ್ಕ ಮೊದಲನೆಯ ಕಡೆಗೆ ವಾಲುತ್ತದೆ. ಆದರೆ ಗುಡಿಯ ನಿಯಮ ಹುಟ್ಟಿದ್ದು ತರ್ಕದಿಂದಲ್ಲ, ತಲೆಮಾರುಗಳ ಭಯಭಕ್ತಿಯಿಂದ. ಆದ್ದರಿಂದ ಕ್ಯಾಮೆರಾ ಕನ್ನಡಿಯ ಕಡೆಗೇ ತಿರುಗಿರಬೇಕು.