ಅಂತರ್ಯುದ್ಧದಲ್ಲಿ ಮಡಿದವನ ಕೀರ್ತಿ

ವಿಶಾಖಪಟ್ಟಣದ ಕಡಲತೀರದಲ್ಲಿ ಸಂಜೆ ವಿಹರಿಸುವ ನಮ್ಮ ಬಂಧುಗಳಿಗೆ 1971ರ ಯುದ್ಧದ ವಿಜಯಸ್ಮಾರಕ ಪರಿಚಿತವೇ. ಗೆದ್ದ ಯುದ್ಧದ ವೀರರಿಗೆ ಕೈಮುಗಿಯುವಾಗ ಯಾರಿಗೂ ಸಂದೇಹವೇಳದು. ಆದರೆ ಯುದ್ಧವೇ ವಿವಾದಾಸ್ಪದವಾದಾಗ, ಅದೂ ಪರದೇಶದ ಅಂತಃಕಲಹವಾದಾಗ, ಅಲ್ಲಿ ಮಡಿದವನ ಶೌರ್ಯಕ್ಕೆ ಬೆಲೆಯೇನು?

1987ರ ಜುಲೈ 29ರ ಒಪ್ಪಂದದಂತೆ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕೆಗೆ ತೆರಳಿತು. ಶಾಂತಿ ಕಾಯಲು ಹೋದವರು ಅಕ್ಟೋಬರ್ ವೇಳೆಗೆ ಎಲ್‌ಟಿಟಿಇಯೊಡನೆ ಕಾದಬೇಕಾಯಿತು. ನವೆಂಬರ್ 25ರ ರಾತ್ರಿ ಶೋಧಕಾರ್ಯ ಮುಗಿಸಿ ಮರಳುತ್ತಿದ್ದ 8ನೇ ಮಹಾರ್ ದಳದ ತುಕಡಿಯ ಮೇಲೆ ಹೊಂಚುದಾಳಿ ನಡೆಯಿತು. ಅದರ ನಾಯಕರಾದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಧೃತಿಗೆಡದೆ, ವೈರಿಗಳನ್ನು ಹಿಂದಿನಿಂದ ಸುತ್ತುವರಿದು ಎರಗಿದರು. ಎದೆಗೆ ಗುಂಡು ತಗುಲಿದರೂ, ಹೊಡೆದವನ ಬಂದೂಕನ್ನೇ ಕಸಿದು ಅವನನ್ನು ಕೆಡವಿದರು. ಕೊನೆಯುಸಿರಿನವರೆಗೂ ತಮ್ಮವರಿಗೆ ಆದೇಶವೀಯುತ್ತಲೇ ಇದ್ದರು. ಆಗ ಅವರಿಗೆ 41 ವರ್ಷ. ಮರಣೋತ್ತರವಾಗಿ ಪರಮವೀರಚಕ್ರ ಸಂದಿತು.

ಸುಮಾರು 1,200 ಯೋಧರನ್ನು ಕಳೆದುಕೊಂಡು ಪಡೆ 1990ರ ಮಾರ್ಚ್‌ನಲ್ಲಿ ಮರಳಿದಾಗ, ಮದರಾಸಿನ ಸ್ವಾಗತಕ್ಕೆ ಅಂದಿನ ಮುಖ್ಯಮಂತ್ರಿಗಳು ಹೋಗಲಿಲ್ಲ. ಅಲ್ಲಿನ ತಮಿಳು ಜನರ ನೋವು ಅವರ ಮನಸ್ಸಿನಲ್ಲಿತ್ತು. ಆ ನೋವೂ ಸುಳ್ಳಲ್ಲ.

ಹಾಗಾದರೆ ಪದಕ ವ್ಯರ್ಥವೇ? ಇಲ್ಲಿ ವಿವೇಕ ಬೇಕು. ಯುದ್ಧವನ್ನು ನಿರ್ಣಯಿಸಿದವರು ಬೇರೆ, ರಣದಲ್ಲಿ ನಿಂತವನು ಬೇರೆ. ಫಲ ಅವನ ಕೈಯಲ್ಲಿರಲಿಲ್ಲ. ತನ್ನನ್ನು ನಂಬಿದವರನ್ನು ಕಾಯುವ ಕರ್ತವ್ಯ ಕೈಯಲ್ಲಿತ್ತು.

ಆದರೆ ಆಜ್ಞಾಪಾಲನೆಯೊಂದೇ ಪುಣ್ಯವೆನ್ನುವುದೂ ತಪ್ಪು. ಕುರುಕ್ಷೇತ್ರವೂ ದಾಯಾದಿಗಳ ಯುದ್ಧವೇ. ಚಕ್ರವ್ಯೂಹದಲ್ಲಿ ಮಡಿದ ಅಭಿಮನ್ಯುವಿಗೂ, ನಿದ್ರಿಸುತ್ತಿದ್ದವರನ್ನು ಕೊಂದ ಅಶ್ವತ್ಥಾಮನಿಗೂ ಸ್ವಾಮಿನಿಷ್ಠೆ ಇತ್ತು. ಒಬ್ಬನನ್ನು ಲೋಕ ಕೊಂಡಾಡಿತು, ಇನ್ನೊಬ್ಬನ ಶಿರೋಮಣಿಯೇ ಹೋಯಿತು. ಗೌರವ ಸಲ್ಲಬೇಕಾದುದು ನಿಷ್ಠೆಗಲ್ಲ, ನಿಷ್ಠೆಯೊಳಗಿನ ಧರ್ಮಕ್ಕೆ. ಒಬ್ಬ ಯೋಧನಿಗೆ ಸಂದ ಪದಕವು ಇಡೀ ಯುದ್ಧದ ನಿರ್ದೋಷಿತ್ವಕ್ಕೆ ಪ್ರಮಾಣಪತ್ರವಾಗದು. ಯುದ್ಧದ ದೋಷವೂ ಆ ಯೋಧನ ಧರ್ಮವನ್ನು ಅಳಿಸದು.

ಇನ್ನು, ಸತ್ತವನಿಗೆ ಪದಕವೇಕೆ ಎನ್ನುವವರುಂಟು. ಜೀವನ ಗತಿ ಶ್ರೀಹರಿಯ ಅಧೀನ. ನಮ್ಮ ಬಿರುದಿನಿಂದ ಅದು ಹೆಚ್ಚದು, ಕುಂದದು. ಮರಣೋತ್ತರ ಗೌರವವು ಬದುಕಿರುವವರು ಋಣವನ್ನು ಒಪ್ಪಿಕೊಳ್ಳುವ ಬಗೆ. ಆ ಋಣ ತೀರುವುದು ಲೋಹದ ತುಂಡಿನಿಂದಲ್ಲ. ಅವನನ್ನು ಕಳೆದುಕೊಂಡ ಮನೆಯವರ ಯೋಗಕ್ಷೇಮ ವಿಚಾರಿಸುವುದರಿಂದ, ಮುಂದಿನ ಯುದ್ಧಕ್ಕೆ ಜಯಕಾರ ಹಾಕುವ ಮುನ್ನ ಹತ್ತು ಬಾರಿ ಯೋಚಿಸುವುದರಿಂದ.

ವಿಜಯವಾಡದ ಇಂದ್ರಕೀಲಾದ್ರಿಯಲ್ಲಿ ಅರ್ಜುನನು ತಪಸ್ಸು ಮಾಡಿ ಪಾಶುಪತಾಸ್ತ್ರ ಪಡೆದನೆಂದು ಸ್ಥಳಪುರಾಣ. ಅಸ್ತ್ರ ಪಡೆದವನೇ ಮುಂದೆ ರಣರಂಗದಲ್ಲಿ, ಯಾರನ್ನು ಕೊಲ್ಲುತ್ತಿದ್ದೇನೆಂದು ಕೇಳಿದನು. ಆ ಪ್ರಶ್ನೆ ಅವನ ಶೌರ್ಯಕ್ಕೆ ಕುಂದು ತರಲಿಲ್ಲ. ಯೋಧನಿಗೆ ನಮಿಸುತ್ತಲೇ ಯುದ್ಧವನ್ನು ಪ್ರಶ್ನಿಸುವುದು ನಮಗೂ ಅಪಚಾರವಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥