ಹೊಡೆತ ಹುಟ್ಟುವ ಜಾಗ

ಬೆಟಗೇರಿಯ ನಮ್ಮ ಓಣಿಯಲ್ಲಿ ಹತ್ತನೇ ಇಯತ್ತೆ ಓದುವ ಹುಡುಗನೊಬ್ಬ ಈಚೆಗೆ ಹಿತ್ತಲಿನ ಬೇವಿನ ಗಿಡಕ್ಕೆ ಗೋಣಿಚೀಲ ತೂಗುಹಾಕಿದ್ದಾನೆ. ಒಳಗೆ ಹಳೆಯ ಅರಿವೆ, ತಳದಲ್ಲಿ ಒಂದಿಷ್ಟು ಉಸುಕು. ಸಾಲಿಯಿಂದ ಬಂದವನೇ ಕೈಗೆ ಬಟ್ಟೆ ಸುತ್ತಿಕೊಂಡು ಕತ್ತಲಾಗುವವರೆಗೂ ಅದನ್ನು ಗುದ್ದುತ್ತಾನೆ. ಬಾಕ್ಸರ್ ಆಗಬೇಕೆಂಬುದು ಅವನ ಆಸೆ.

ಮೊನ್ನೆ ಆ ದಾರಿಯಲ್ಲಿ ಹೊರಟಿದ್ದ ಹಿರಿಯರೊಬ್ಬರು ಸದ್ದು ಕೇಳಿ ನಿಂತರು. ಪ್ರಾಯದಲ್ಲಿ ಜಾತ್ರೆಗಳ ಕಣದಲ್ಲಿ ಕುಸ್ತಿ ಹಿಡಿದವರು, ಆಮೇಲೆ ಎಷ್ಟೋ ವರ್ಷ ಗರಡಿಮನೆಯಲ್ಲಿ ಹುಡುಗರಿಗೆ ಸಾಮು ಕಲಿಸಿದವರು. ಓಣಿಗೆಲ್ಲ ಅವರು ವಸ್ತಾದರು.

"ಏನ ಮಾಡಾಕತ್ತೀಯೋ ತಮ್ಮಾ?"

"ಕೈ ಗಟ್ಟಿ ಮಾಡ್ಕೊಳ್ಳಾಕತ್ತೇನ್ರೀ ಅಜ್ಜಾರ."

"ಕೈ ಇರ್ಲಿ. ಬಸ್ಕಿ ಎಷ್ಟ ಹೊಡೀತಿ?"

ಹುಡುಗ ಸುಮ್ಮನೆ ನಿಂತ. ಬಸ್ಕಿಗೂ ಬಾಕ್ಸಿಂಗಿಗೂ ಏನು ಸಂಬಂಧ ಎಂದು ಅವನಿಗೆ ಅನಿಸಿರಬೇಕು. ನನಗೂ ಒಂದು ಕಾಲಕ್ಕೆ ಹಾಗೇ ಅನಿಸುತ್ತಿತ್ತು.

ಹೊಡೆತ ಹುಟ್ಟುವುದು ಮುಷ್ಟಿಯಲ್ಲಲ್ಲ. ಹಿಂದಿನ ಪಾದದ ಬೆರಳಗುಂಟ ನೆಲವನ್ನು ಒತ್ತಬೇಕು, ಹಿಮ್ಮಡಿ ಮೇಲೇಳಬೇಕು, ಮೊಳಕಾಲು ಒಳಕ್ಕೆ ತಿರುಗಬೇಕು. ಆ ತಿರುವನ್ನು ಸೊಂಟ ಹಿಡಿದುಕೊಳ್ಳುತ್ತದೆ, ಸೊಂಟದಿಂದ ಹೆಗಲಿಗೆ ದಾಟುತ್ತದೆ. ಮುಷ್ಟಿ ಅದನ್ನು ಮುಟ್ಟಿಸಿ ಬರುವ ಕೊನೆಯ ಆಳು ಮಾತ್ರ. ಸೋವಿಯತ್ ತಜ್ಞರು 120 ಬಾಕ್ಸರುಗಳ ಹೊಡೆತವನ್ನು ಅಳೆದು 1985ರಲ್ಲಿ ಪ್ರಕಟಿಸಿದ ಲೆಕ್ಕ ನನ್ನ ಕಣ್ಣು ತೆರೆಸಿತು. ಪಳಗಿದವರ ಹೊಡೆತದಲ್ಲಿ ಕಾಲಿನ ಪಾಲು ಸುಮಾರು ಶೇ 38, ತೋಳಿನ ಪಾಲು ಶೇ 24ರಷ್ಟು. ಹೊಸಬರಲ್ಲಿ ಇದು ತಿರುಗುಮುರುಗು: ಕಾಲು ಬರೀ ಶೇ 16, ತೋಳು ಶೇ 38. ಅಂದರೆ ಕಲಿಯುತ್ತ ಹೋದಂತೆ ಹೊಡೆತ ತೋಳಿನಿಂದ ಕಾಲಿಗೆ ಇಳಿಯುತ್ತದೆ. ನಮ್ಮ ಹುಡುಗ ಚೀಲದ ಮುಂದೆ ಕಾಲು ನೆಟ್ಟು ನಿಂತು ಬರೀ ತೋಳು ಬೀಸುತ್ತಿದ್ದ. ಅದು ವಸ್ತಾದರಿಗೆ ಬೀದಿಯಿಂದಲೇ ಕಂಡಿತ್ತು.

ಕಾಲು ಕಟ್ಟುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದ ನಾಡು. ಆ ವಂಶದ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಜಟ್ಟಿಗಳನ್ನು ಹೇಗೆ ಸಾಕಬೇಕು, ಏನು ಉಣಿಸಬೇಕು, ಯಾವ ಸಾಮು ಮಾಡಿಸಬೇಕು ಎಂದು ಅರಸನೇ ಕೂತು ಬರೆದಿದ್ದಾನೆ. ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ಅವುಗಳಿಗೆ ಹೆಸರಿಟ್ಟಿದ್ದಾನೆ. ಇಂದಿನ ತರಬೇತುದಾರರು ಶಕ್ತಿ, ದಮ್ಮು, ಚುರುಕು ಎಂದು ವಿಂಗಡಿಸಿ ಮಾಡಿಸುವುದನ್ನು ಒಂಬತ್ತು ಶತಮಾನದ ಹಿಂದೆ ವಿಂಗಡಿಸಿಟ್ಟಿದ್ದ. ಆ ಸ್ತಂಭಶ್ರಮದ ಸಂತಾನವೇ ಮಲ್ಲಕಂಬ. ಹರಳೆಣ್ಣೆ ಸವರಿದ ಕಂಬವನ್ನು ತೊಡೆಯಲ್ಲಿ ಕಚ್ಚಿ ತಲೆಕೆಳಗಾಗಿ ನಿಲ್ಲುವ ಹುಡುಗರು ಲಕ್ಷ್ಮೇಶ್ವರದಲ್ಲಿ ಈಗಲೂ ಇದ್ದಾರೆ. ಅವರ ಹೊಟ್ಟೆ, ಬೆನ್ನು, ತೊಡೆ ಒಂದೇ ಹಗ್ಗದಂತೆ ಹುರಿಗೊಂಡಿರುತ್ತವೆ. ಬಾಕ್ಸರ್‌ಗೆ ಬೇಕಾದದ್ದೂ ಅಂಥದೇ ಮೈ.

ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ಗುಂಟ ಕೆಳಗೆ ಸಾಗಿದರೆ ಹಂಪಿ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ದೊಡ್ಡ ಭಾರಗಳನ್ನು ಎತ್ತಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ತಿರುಗಿಸಿ, ಆಮೇಲೆ ಜಟ್ಟಿಯೊಡನೆ ಸೆಣಸಿ, ಕುದುರೆ ಏರುತ್ತಿದ್ದ ಎಂದು ಬರೆದಿಟ್ಟಿದ್ದಾನೆ. ಮಹಾನವಮಿಯ ಕಾಳಗದಲ್ಲಿ ಜಟ್ಟಿಗಳು ಹಲ್ಲು ಮುರಿಯುವಂತೆ, ಮುಖ ಕೆಡುವಂತೆ ಗುದ್ದಾಡುತ್ತಿದ್ದುದನ್ನೂ ಅವನು ಕಂಡ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಅದರ ನೆರಳು ಉಳಿದಿದೆ; ಅಲ್ಲಿ ಒಂದು ಹನಿ ನೆತ್ತರು ಕಂಡರೆ ಕಾಳಗ ಮುಗಿಯಿತು. ಗುದ್ದುವ ಆಟ ಹೊರಗಿನಿಂದ ಬಂತು ಎನ್ನುವವರಿಗೆ ಇಷ್ಟು ನೆನಪಿದ್ದರೆ ಸಾಕು.

ಆದರೆ ಗರಡಿಯ ಸಾಮನ್ನು ಹಾಗೆಯೇ ಎತ್ತಿ ಬಾಕ್ಸಿಂಗಿಗೆ ಹಚ್ಚಲು ಬರುವುದಿಲ್ಲ. ಪೈಲವಾನನ ಕಾಲು ಮಣ್ಣಿಗೆ ಇಳಿದು ಕೂರಬೇಕು. ಬಾಕ್ಸರ್‌ನ ಕಾಲು ನೆಲ ಮುಟ್ಟಿದೊಡನೆ ಮತ್ತೆ ಹೊರಡಲು ಸಿದ್ಧವಿರಬೇಕು. ಐನೂರು ಬಸ್ಕಿ ಹೊಡೆದವನಿಗೆ ತಾಳಿಕೆ ಬರುತ್ತದೆ, ಚುರುಕು ಬರುವುದಿಲ್ಲ. ಅದಕ್ಕೆ ಹತ್ತು ಬಸ್ಕಿ ನಿಧಾನ, ಹತ್ತು ಜಿಗಿದು, ನಡುವೆ ವಿಶ್ರಾಂತಿ, ಮತ್ತೆ ಹತ್ತು. ಪಂದ್ಯವೆಂದರೆ ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷದ ಬಿಡುವು. ನಸುಕಿನಲ್ಲಿ ಐದಾರು ಕಿಲೋಮೀಟರ್ ಓಡಿದರೆ ಬುನಾದಿಯಾದೀತು. ಉಸಿರು ಹಿಡಿದು ಓಡಿ, ಒಂದೇ ನಿಮಿಷದಲ್ಲಿ ಸುಧಾರಿಸಿಕೊಂಡು, ಮತ್ತೆ ಓಡುವುದನ್ನೂ ಎದೆಗೆ ಕಲಿಸಬೇಕು. ಡೋಣಿಯ ಕಡೆಯಿಂದ ಕಪ್ಪತಗುಡ್ಡ ಏರುವ ಏರಿಗಿಂತ ಒಳ್ಳೆಯ ಯಂತ್ರ ಇದಕ್ಕೆ ಯಾವ ಜಿಮ್‌ನಲ್ಲೂ ಸಿಗದು. ಶಿರಹಟ್ಟಿ, ಮುಂಡರಗಿಯ ಮಕ್ಕಳಿಗೆ ಅದು ಕಾಸಿಲ್ಲದೆ ಸಿಕ್ಕಿದೆ.

ಇನ್ನು ಹೆಜ್ಜೆ. ನನ್ನ ಮಟ್ಟಿಗೆ ಈ ಆಟದ ಜೀವವೇ ಅದು. ಎಡಗಾಲು ಮುಂದಿಟ್ಟು ನಿಂತವನು ಮುಂದೆ ಹೋಗುವಾಗ ಎಡಗಾಲು ಮೊದಲು, ಬಲಗಾಲು ಅದರ ಹಿಂದೆ ಅಷ್ಟೇ ದೂರ. ಹಿಂದೆ ಸರಿಯುವಾಗ ಬಲಗಾಲು ಮೊದಲು. ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಎರಡು ಪಾದ ಕೂಡಬಾರದು, ಕತ್ತರಿಯಾಗಲೂ ಬಾರದು. ಕತ್ತರಿಯಾದ ಗಳಿಗೆಯಲ್ಲಿ ಬಿದ್ದ ಹಗುರ ಗುದ್ದೂ ನೆಲಕ್ಕೆ ಕೆಡವುತ್ತದೆ. ಹಗ್ಗದೊಳಗಿನ ಕಣ 6.1 ಮೀಟರ್ ಚೌಕ, ಹೆಚ್ಚುಕಡಿಮೆ ಇಪ್ಪತ್ತು ಅಡಿ. ಅಷ್ಟರೊಳಗೆ ಎದುರಾಳಿಯನ್ನು ಮೂಲೆಗೆ ನಡೆಸುವುದೂ ಹೆಜ್ಜೆಯೇ, ತಾನು ಮೂಲೆಯಿಂದ ಜಾರಿ ಬರುವುದೂ ಹೆಜ್ಜೆಯೇ.

ಮೊಹರಮ್ಮಿನಲ್ಲಿ ನಮ್ಮ ಹಳ್ಳಿಗಳ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರನ್ನು ನೋಡಿ. ಹಿಂದೂ, ಮುಸಲ್ಮಾನ ಎನ್ನದೆ ಹುಡುಗರು ಸಾಲುಗಟ್ಟಿ ಹಲಗಿಯ ಬಡಿತಕ್ಕೆ ಮುಂದೆ ಎರಡು, ಹಿಂದೆ ಒಂದು, ತಿರುಗಿ ಮತ್ತೆ ಎರಡು ಎಂದು ಸರಿಯುತ್ತಾರೆ. ಪೆಟ್ಟು ಬದಲಾದರೆ ಹೆಜ್ಜೆಯೂ ಬದಲು, ಯಾರೂ ಯಾರ ಕಾಲನ್ನೂ ತುಳಿಯುವುದಿಲ್ಲ. ಕಿವಿ ಕೇಳಿದ್ದನ್ನು ಪಾದ ಮಾಡುವ ಈ ಕಲೆಯನ್ನು ಕಲಿಸಲು ಬೇರೆ ಕಡೆ ಹಗ್ಗ ಜಿಗಿಸುತ್ತಾರೆ. ಹಗ್ಗವೂ ಬೇಕು. ಜೊತೆಗೆ ಒಂದು ಹಲಗಿ ಇದ್ದರೆ ನಮ್ಮ ಮಕ್ಕಳು ಬೇಗ ಕಲಿತಾರು ಎಂದು ನನಗೆ ಬಲವಾಗಿ ಅನಿಸುತ್ತದೆ.

ಗದುಗಿನಿಂದ ರೈಲು ಹತ್ತಿದರೆ ಕೊಪ್ಪಳ, ಹೊಸಪೇಟೆ ದಾಟಿ ತೋರಣಗಲ್ಲು. ಅದರ ಬಳಿ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಬಾಕ್ಸಿಂಗ್ ಕಲಿಸುತ್ತಾರೆ. 2021ರಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಅಲ್ಲಿಯೇ ನಡೆಯಿತು. ಕರ್ನಾಟಕದ ಪರವಾಗಿ ಕಣಕ್ಕಿಳಿದ ನಿಶಾಂತ್ ದೇವ್ ಚಿನ್ನ ಗೆದ್ದರು. 2023ರ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 71 ಕೆ.ಜಿ. ವಿಭಾಗದ ಕಂಚೂ ಅವರಿಗೆ ಬಂತು. ಅವರ ಊರು ಹರಿಯಾಣದ ಕರ್ನಾಲ್. ಅಲ್ಲಿಂದ ಬಂದ ಹುಡುಗ ನಮ್ಮ ನಾಡಿನ ಹೆಸರಿನಲ್ಲಿ ಗೆದ್ದದ್ದು ಸಂತೋಷವೇ. ಆದರೂ ಕೆಲವೇ ತಾಸಿನ ದಾರಿಯಲ್ಲಿರುವ ನಮ್ಮ ಮಕ್ಕಳು, ನಮ್ಮ ಹೆಣ್ಣುಮಕ್ಕಳು ಕೂಡ, ಆ ರೈಲು ಹತ್ತಬೇಕು ಎಂಬ ಹಂಬಲ ನನ್ನನ್ನು ಬಿಡುವುದಿಲ್ಲ. ಹತ್ತುವ ಮುನ್ನ ಒಂದು ವರ್ಷ ಯಾರೂ ಅವರ ತಲೆಗೆ ಗುದ್ದಬಾರದು, ಅವರೂ ಯಾರಿಗೂ ಗುದ್ದಬಾರದು. ಬೆಳೆಯುವ ಮಿದುಳಿಗೆ ಪೆಟ್ಟು ತಿನ್ನಿಸಿ ಧೈರ್ಯ ಕಲಿಸುವ ಅವಸರ ಬೇಡ. ಆ ವರ್ಷವೆಲ್ಲ ಕಾಲು, ಸೊಂಟ, ಉಸಿರು.

ನಿನ್ನೆ ಸಂಜೆ ಆ ಹಿತ್ತಲಿನ ಕಡೆ ಹೋಗಿದ್ದೆ. ಗೋಣಿಚೀಲ ಬೇವಿನ ಗಿಡದಲ್ಲಿ ಅಲುಗದೆ ತೂಗುತ್ತಿತ್ತು. ಅಂಗಳದಲ್ಲಿ ರಂಗೋಲಿ ಹಿಟ್ಟಿನಿಂದ ಇಪ್ಪತ್ತು ಅಡಿಯ ಚೌಕ ಬರೆದಿದ್ದರು. ಕಟ್ಟೆಯ ಮೇಲೆ ಕೂತ ವಸ್ತಾದರು ಎಣ್ಣೆಯ ಖಾಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಾರಿಸುತ್ತಿದ್ದರು. ಹುಡುಗ ಗದ್ದ ಕೆಳಗಿಟ್ಟು, ಕೈ ಮುಖದ ಬಳಿ ಹಿಡಿದು, ಗೆರೆಯ ಗುಂಟ ಸರಿಯುತ್ತಿದ್ದ. ಅವನ ಹಿಂದೆಯೇ ಅವನ ತಂಗಿ, ಬರಿಗಾಲಲ್ಲಿ, ಅವನಿಗಿಂತ ಹಗುರಾಗಿ.

"ಕಾಲ ಕತ್ರಿ ಆತು ನೋಡ," ಎಂದರು ವಸ್ತಾದರು, ಡಬ್ಬಿ ನಿಲ್ಲಿಸದೆ. "ಇನ್ನೊಂದ ಸುತ್ತ ಹಾಕ್ರಿ ಇಬ್ರೂ."